ಕಳಿಸುವ ಮುಂಚೆ ಒಂದು ಮಾತು, ಪುಟ್ಟಿ

ಇನ್‌ಸ್ಟಾಗ್ರಾಂನಲ್ಲಿ ಇಳಕಲ್ ಸೀರೆ ಮೆಚ್ಚಿಕೊಂಡಿದ್ದೀಯ, ಪೂರ್ತಿ ದುಡ್ಡು ಮುಂಗಡವಾಗಿ ಕೇಳಿದ್ದಾರೆ ಅಂದೆಯಲ್ಲ, ತಾಳು ಸ್ವಲ್ಪ. ಸೀರೆಯ ಆಯ್ಕೆ ನಿನ್ನದು, ಅದಕ್ಕೆ ನಾನು ಬಾಯಿ ಹಾಕುವುದಿಲ್ಲ. ವ್ಯವಹಾರ ಕೆಟ್ಟರೆ ಹಣ ವಾಪಸು ಬರಲು ದಾರಿ ಇದೆಯೇ? ಅಷ್ಟು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತ ನಿನ್ನ ಅತ್ತೆಗೆ ಮೊದಲು ಹೊಳೆಯುವುದು ಅದೇ.

ಗುರುತಿಲ್ಲದವರ ಮೊಬೈಲ್ ನಂಬರಿಗೆ ಯುಪಿಐ ಮಾಡುವುದೂ ಸಂತೆಯಲ್ಲಿ ಯಾರದೋ ಕೈಗೆ ನೋಟು ಇಡುವುದೂ ಒಂದೇ. ಯುಪಿಐ ಕೆಟ್ಟದ್ದಂತಲ್ಲ, ಸೊಪ್ಪಿನವಳಿಗೆ ನಾನೂ ಅದರಲ್ಲೇ ಕೊಡುತ್ತೇನೆ. ಆದರೆ ನೀನೇ ಪಿನ್ ಒತ್ತಿ ಕಳಿಸಿದ್ದನ್ನು ಬ್ಯಾಂಕು ಸುಲಭಕ್ಕೆ ಹಿಂದಕ್ಕೆ ಎಳೆದುಕೊಡಲಾರದು.

ಕ್ರೆಡಿಟ್ ಕಾರ್ಡ್ ಅಂದರೆ ನಿಮ್ಮಪ್ಪ ಮೂಗು ಮುರಿಯುತ್ತಾನೆ. ಸಾಲದ ಭಯ ಸರಿಯೇ, ಬಿಲ್ಲನ್ನು ಗಡುವಿನೊಳಗೆ ಪೂರ್ತಿ ಕಟ್ಟದಿದ್ದರೆ ಬಡ್ಡಿ ತಿಂದುಹಾಕುತ್ತದೆ. ಆದರೂ ಹೊಸ ಅಂಗಡಿಯಲ್ಲಿ ದೊಡ್ಡ ಮೊತ್ತಕ್ಕೆ ಕೊಳ್ಳುವಾಗ ಅದೇ ವಾಸಿ. ಸಾಮಾನು ಬರಲಿಲ್ಲ, ಬಂದದ್ದು ಬೇರೆಯೇ ಎಂದಾದರೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ತಕರಾರು ಕೊಡಬಹುದು. ಚಾರ್ಜ್‌ಬ್ಯಾಕ್ ಅನ್ನುವುದು ಇದನ್ನೇ. ಮಾರಿದವರು ಪುರಾವೆ ಕೊಡಬೇಕಾಗುತ್ತದೆ, ನಿನ್ನ ಕಡೆಯ ಪುರಾವೆಗೆ ಆರ್ಡರು, ಚಾಟು ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೋ. ಡೆಬಿಟ್ ಕಾರ್ಡಿಗೂ ತಕರಾರು ಕೊಡಬಹುದು, ಆದರೆ ಅದು ತೀರ್ಮಾನವಾಗುವ ತನಕ ಬರಿದಾಗಿರುವುದು ನಿನ್ನ ಸಂಬಳದ ಖಾತೆ. ಇನ್ನೊಂದು, 2022ರ ಅಕ್ಟೋಬರ್ 1ರಿಂದ ಅಂಗಡಿಗಳು ಕಾರ್ಡಿನ ನಂಬರನ್ನೇ ಉಳಿಸಿಟ್ಟುಕೊಳ್ಳುವಂತಿಲ್ಲ, ಅದರ ಬದಲಿನ ಟೋಕನ್ ಮಾತ್ರ. ವಾಟ್ಸಾಪಿನಲ್ಲಿ ಕಾರ್ಡಿನ ಫೋಟೊ ಕೇಳಿದರೆ ಅಲ್ಲಿಗೇ ವ್ಯಾಪಾರ ಬಿಡು.

ಕ್ಯಾಶ್ ಆನ್ ಡೆಲಿವರಿ ಇದೆಯಲ್ಲ ಅನ್ನುತ್ತೀಯ. ನಾವು ಅಂಚೆಯಲ್ಲಿ ಪುಸ್ತಕ ತರಿಸಿ ವಿ.ಪಿ.ಪಿ. ಬಿಡಿಸಿಕೊಳ್ಳುತ್ತಿದ್ದಾಗಲೂ ಹೀಗೇ, ಮೊದಲು ದುಡ್ಡು, ಆಮೇಲೆ ಕಟ್ಟು ಬಿಚ್ಚುವುದು. ಒಳಗೆ ಹಳೇ ಬಟ್ಟೆ ಇದ್ದರೂ ಡೆಲಿವರಿ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಬಿಚ್ಚಿ ನೋಡಿ ಪಡೆಯುವ ಸೌಲಭ್ಯ ಇದ್ದರೆ ಅದನ್ನೇ ಆರಿಸು.

ರೀಫಂಡ್ ಕೊಡುತ್ತೇವೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎಂದು ಫೋನ್ ಬಂದರೆ ಇಟ್ಟುಬಿಡು. ಹಣ ಬರುವುದಕ್ಕೆ ಪಿನ್ ಬೇಡವೇ ಬೇಡ, ಹೋಗುವುದಕ್ಕೆ ಮಾತ್ರ ಬೇಕು. ಕಸ್ಟಮರ್ ಕೇರ್ ನಂಬರನ್ನೂ ಗೂಗಲ್‌ನಲ್ಲಿ ಹುಡುಕಬೇಡ, ಆ್ಯಪ್ ಒಳಗಿನದನ್ನೇ ನೋಡು.

ಮೋಸವಾಯಿತೆಂದರೆ ನಾಚಿಕೊಂಡು ಸುಮ್ಮನಿರಬೇಡ. ಆ ಗಳಿಗೆಯಲ್ಲೇ ಬ್ಯಾಂಕಿಗೆ ಹೇಳು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಬೇಗ ತಿಳಿಸಿದರೆ ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಯಲು ಅವಕಾಶವಿರುತ್ತದೆ. ನಿನ್ನ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಹೊರಗಿನವರು ಕದ್ದಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ನಷ್ಟ ಹೊರಿಸಬಾರದೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ನಿಯಮ ಮಾಡಿದೆ. ಒಟಿಪಿಯನ್ನು ನೀನೇ ಹೇಳಿಕೊಟ್ಟಿದ್ದರೆ ಮಾತು ಬೇರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿನ್ನದೇ.

ಇವತ್ತು ರಾತ್ರಿ ಊಟ ಆದಮೇಲೆ ಬ್ಯಾಂಕಿನ ಆ್ಯಪ್ ತೆರೆದು ಕಾರ್ಡಿನ ವಿದೇಶಿ ವಹಿವಾಟು ಆಫ್ ಮಾಡು, ಆನ್‌ಲೈನ್ ಮಿತಿ ಇಳಿಸು. ನಿಮ್ಮಮ್ಮನ ಕಾರ್ಡಿಗೂ ಅಷ್ಟು ಮಾಡಿಕೊಡು, ಅವಳಾಗಿ ಕೇಳುವುದಿಲ್ಲ.