ಮೂರು ಶಿಲಿಂಗಿಗೆ ಎರಡು ರೂಪಾಯಿ

ಯಂಕಂಚಿಯ ಕನ್ನಡ ಶಾಲೆಯಲ್ಲಿ ನಾವು ಪ್ರತಿ ಸಾಯಂಕಾಲ ಸಾಲಾಗಿ ನಿಂತು ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಒಕ್ಕೊರಲಿನಿಂದ ಹೇಳುತ್ತಿದ್ದ ಕಾಲದಲ್ಲಿ, ಹನ್ನೆರಡು ಪೈಗೆ ಒಂದು ಆಣೆ, ಹದಿನಾರು ಆಣೆಗೆ ಒಂದು ರೂಪಾಯಿ ಎಂಬ ಆ ಲೆಕ್ಕವು 1957ರ ಏಪ್ರಿಲ್ ಒಂದರಂದು ನಯಾ ಪೈಸೆಯ ದಶಮಾನ ಪದ್ಧತಿಗೆ ಎಡೆಗೊಟ್ಟು ಮರೆಯಾಗುವುದೆಂದಾಗಲಿ, ಹಾಗೆ ಮರೆಯಾದ ವಿದ್ಯೆಯೇ ಏಳು ವರ್ಷಗಳ ತರುವಾಯ ಸಪ್ತಸಮುದ್ರಗಳಾಚೆಯ ಒಂದು ಅಂಗಡಿಯ ಕಟ್ಟೆಯ ಮುಂದೆ ನನ್ನ ಕೈಹಿಡಿಯುವುದೆಂದಾಗಲಿ ನಮ್ಮ ಮಾಸ್ತರರಿಗೂ ತಿಳಿದಿರಲಿಲ್ಲ, ನನಗಂತೂ ತಿಳಿಯುವ ಸಂಭವವೇ ಇರಲಿಲ್ಲ.

1964ರ ಸೆಪ್ಟೆಂಬರಿನಲ್ಲಿ ನಾನು ಯಂಕಂಚಿಯಿಂದ ಸಿಂದಗಿಯವರೆಗೆ ಚಕ್ಕಡಿಯಲ್ಲಿಯೂ, ಅಲ್ಲಿಂದ ಬಿಜಾಪುರಕ್ಕೆ ಬಸ್ಸಿನಲ್ಲಿಯೂ, ಬಿಜಾಪುರದಿಂದ ಸೊಲ್ಲಾಪುರದ ಮಾರ್ಗವಾಗಿ ಬೊಂಬಾಯಿಗೆ ರೈಲಿನಲ್ಲಿಯೂ ಪ್ರಯಾಣ ಮಾಡಿ, ಬ್ಯಾಲರ್ಡ್ ಪಿಯರಿನಲ್ಲಿ ಹಡಗನ್ನೇರಿದೆ. ಬಟ್ಟೆಗೆ ಬಣ್ಣ ಕಟ್ಟುವ ರಸಾಯನಶಾಸ್ತ್ರವನ್ನು ಮ್ಯಾಂಚೆಸ್ಟರಿನಲ್ಲಿ ಮೂರು ವರ್ಷ ಅಭ್ಯಾಸ ಮಾಡುವುದು ನನ್ನ ಉದ್ದೇಶವಾಗಿತ್ತು. ನಮ್ಮ ಎರೆಭೂಮಿಯ ಹತ್ತಿಗೂ ಆ ಊರಿಗೂ ಸಂಬಂಧ ಹಳೆಯದು. 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದಾಗ ಲ್ಯಾಂಕಾಶೈರಿನ ಗಿರಣಿಗಳು ಬೊಂಬಾಯಿ ಇಲಾಖೆಯ ಹತ್ತಿಗಾಗಿ ಬಾಯ್ದೆರೆದು ನಿಂತುವು. ನಮ್ಮ ಭಾಗದಿಂದ ನನಗಿಂತ ಮೊದಲು ವಿದ್ಯೆಗಾಗಿ ಸಮುದ್ರ ದಾಟಿದವರೂ ಇಲ್ಲದಿರಲಿಲ್ಲ. ಆಗ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಿ.ಸಿ. ಪಾವಟೆಯವರು ಕೇಂಬ್ರಿಜ್ಜಿನಲ್ಲಿ ಗಣಿತವನ್ನೋದಿ ರ‍್ಯಾಂಗ್ಲರ್ ಆದವರು, ವಿ.ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಹೋಗಿಬಂದು ಬರೆದ ‘ಸಮುದ್ರದಾಚೆಯಿಂದ’ ಎಂಬ ಪ್ರವಾಸಕಥನವನ್ನು ನಾನು ಹಡಗಿನ ಪೆಟ್ಟಿಗೆಯಲ್ಲಿಯೇ ಇಟ್ಟುಕೊಂಡಿದ್ದೆ. ಆದರೆ ಹಣದ ವಿಷಯದಲ್ಲಿ ನನಗೆ ದಾರಿ ತೋರುವವರು ಯಾರೂ ಇರಲಿಲ್ಲ, ಆ ಕೊರತೆಯನ್ನು ಇಂದಿನ ಮಕ್ಕಳ ಮಟ್ಟಿಗಾದರೂ ನೀಗಿಸಬೇಕೆಂಬ ಆಸೆಯಿಂದಲೇ ಎಂಬತ್ತು ದಾಟಿದ ಈ ವಯಸ್ಸಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ಹಣ ಕೂಡಿದ ಬಗೆಯನ್ನು ಮೊದಲು ಹೇಳಬೇಕು. ಹಡಗಿನ ಟಿಕೆಟ್ಟು ಅವ್ವನ ಬಂಗಾರದಿಂದ ಬಂದಿತು. ಮೂರು ವರ್ಷಗಳ ಖರ್ಚಿಗೆಂದು ಅಪ್ಪ ಎರಡು ಕೂರಿಗೆ ಹೊಲವನ್ನು ಒತ್ತೆಯಿಟ್ಟು, ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿ ಬಡ್ಡಿಯಂತೆ, ಆರು ಸಾವಿರ ರೂಪಾಯಿ ಸಾಲ ಎತ್ತಿದರು. ಆಗ ಒಂದು ಪೌಂಡಿಗೆ 13 ರೂಪಾಯಿ 33 ಪೈಸೆ. ಅರ್ಥಾತ್ ಮೂರು ಶಿಲಿಂಗಿಗೆ ಸರಿಯಾಗಿ ಎರಡು ರೂಪಾಯಿ. ವರ್ಷಕ್ಕೆ ನೂರೈವತ್ತು ಪೌಂಡು ಮನೆಯಿಂದ ಬಂದರೆ ಉಳಿದುದನ್ನು ರಜೆಯಲ್ಲಿ ದುಡಿದುಕೊಳ್ಳಬಹುದೆಂದು ನಾನು ಕಾಗದದ ಮೇಲೆ ತೋರಿಸಿದ್ದೆ; ನೂರೈವತ್ತು ಪೌಂಡಿಗೆ ಎರಡು ಸಾವಿರ, ಮೂರು ವರ್ಷಕ್ಕೆ ಆರು ಸಾವಿರ. ಕಾಗದದ ಮೇಲೆ ಒಂದು ಪೈಯ ಹೆಚ್ಚುಕಡಿಮೆಯೂ ಇರಲಿಲ್ಲ. ಹೊಲದ ಬೆಳೆಯನ್ನು ಅಂದಾಜು ಮಾಡುವಾಗ ಯಾವಾಗಲೂ ಎರಡು ಚೀಲ ಕಡಿಮೆ ಹಿಡಿಯುವ ಅಪ್ಪ, ಮಗನ ಲೆಕ್ಕವನ್ನು ಮಾತ್ರ ಹಾಗೆಯೇ ನಂಬಿದರು.

ವಿದೇಶೀ ವಿನಿಮಯದ ಅಭಾವ ತೀವ್ರವಾಗಿದ್ದ ಆ ದಿನಗಳಲ್ಲಿ ನಗದಾಗಿ ಕೊಂಡೊಯ್ಯಲು ನನಗೆ ದೊರೆತುದು ಮೂರೇ ಪೌಂಡು. ಮಿಕ್ಕುದು ರಿಸರ್ವ್ ಬ್ಯಾಂಕಿನ ಅನುಮತಿಯ ಮೇಲೆ ಡ್ರಾಫ್ಟಿನ ರೂಪದಲ್ಲಿ ಹಿಂದಿನಿಂದ ಬರಬೇಕಾಗಿದ್ದಿತು. ಏಡನ್, ಸುಯೆಜ್ ಕಾಲುವೆ, ಜಿಬ್ರಾಲ್ಟರುಗಳನ್ನು ದಾಟಿ ಹದಿನೆಂಟನೆಯ ದಿನ ಟಿಲ್‌ಬರಿಯಲ್ಲಿ ಇಳಿದು, ಅಲ್ಲಿಂದ ಲಂಡನ್ನಿಗೆ ಹೋಗುವ ರೈಲಿನಲ್ಲಿ ಕುಳಿತಾಗ ಮೊದಲು ನನ್ನ ಮನಸ್ಸನ್ನು ತಟ್ಟಿದುದು ಹೊರಗಿನ ಬೂದುಬಣ್ಣದ ಆಕಾಶವಲ್ಲ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಸಾಲುಗಟ್ಟಿ ನಿಂತ ಇಟ್ಟಿಗೆಯ ಮನೆಗಳೂ ಅಲ್ಲ; ಡಬ್ಬಿಯೊಳಗಿನ ಮೌನ. ಸಿಂದಗಿಯ ಬಸ್ಸು ನಿಲ್ದಾಣ ಬಿಡುವ ಮುನ್ನವೇ ಪಕ್ಕದವನಿಗೆ ನಮ್ಮ ಊರು, ಮನೆತನ, ಹೊಲದ ಬೆಳೆ ಎಲ್ಲವೂ ತಿಳಿದುಹೋಗಿರುತ್ತದೆ. ಇಲ್ಲಿ ಎಂಟು ಜನ ಎದುರುಬದುರು ಕುಳಿತು ಒಬ್ಬರೂ ಒಬ್ಬರನ್ನು ಏನೂ ಕೇಳಲಿಲ್ಲ. ಲಂಡನ್ನಿನಲ್ಲಿ ಇಳಿದಾಗ ನಿಲ್ದಾಣದ ಹೊರಗೆ ವರ್ತಮಾನ ಪತ್ರಿಕೆಗಳ ರಾಶಿಯೊಂದಿದ್ದು, ಮಾರುವವನು ಎಲ್ಲಿಯೋ ಹೋಗಿದ್ದನು; ಬಂದವರು ತಾವೇ ಡಬ್ಬಿಯಲ್ಲಿ ಪೆನ್ನಿಗಳನ್ನು ಹಾಕಿ ಪತ್ರಿಕೆಯನ್ನೆತ್ತಿಕೊಂಡು ನಡೆಯುತ್ತಿದ್ದರು. ನಾಣ್ಯಗಳು ತೆರೆದ ಡಬ್ಬಿಯಲ್ಲಿ ಹಾಗೆಯೇ ಇದ್ದುವು. ಅದನ್ನು ನೋಡುತ್ತ ನಾನು ಎಷ್ಟು ಹೊತ್ತು ನಿಂತಿದ್ದೆನೋ ಈಗ ನೆನಪಿಲ್ಲ, ಆದರೆ ಆ ದೇಶದ ಮೇಲೆ ನನಗೆ ಗೌರವ ಹುಟ್ಟಿದುದು ಆ ಕ್ಷಣದಲ್ಲಿ.

ಮ್ಯಾಂಚೆಸ್ಟರಿನಲ್ಲಿ ಕೋಣೆ ಹುಡುಕುವಾಗ ಅದೇ ದೇಶದ ಮತ್ತೊಂದು ಮುಖ ಕಂಡಿತು. ಬಾಡಿಗೆಗೆ ಕೊಡುವುದಿದೆಯೆಂಬ ಫಲಕದ ಕೆಳಗೇ, ಬಣ್ಣದವರು ಬರಕೂಡದೆಂದು ಬರೆದ ಕಾಗದವನ್ನು ಕಿಟಕಿಗೆ ಅಂಟಿಸಿದ ಮನೆಗಳು ಒಂದೆರಡಲ್ಲ. ವಸತಿಯ ವಿಷಯದಲ್ಲಿ ಇದನ್ನು ಕಾನೂನು ನಿಷೇಧಿಸಿದುದು 1968ರಲ್ಲಿ, ನಾನು ಮರಳಿದ ವರ್ಷದಲ್ಲಿ. ಕೊನೆಗೆ ದೊರೆತ ಕೋಣೆಗೆ ವಾರಕ್ಕೆ ಎರಡು ಪೌಂಡು ಹದಿನೈದು ಶಿಲಿಂಗು. ಅದೇ ಬೀದಿಯಲ್ಲಿ ಅಷ್ಟೇ ದೊಡ್ಡ ಕೋಣೆಗೆ ನನ್ನ ಸಹಪಾಠಿಯಾದ ಆಂಗ್ಲ ಹುಡುಗನು ಐದು ಶಿಲಿಂಗು ಕಡಿಮೆ ಕೊಡುತ್ತಿದ್ದನು. ವರ್ಷಕ್ಕೆ ಅದು ಹದಿಮೂರು ಪೌಂಡು. ಆ ಹದಿಮೂರು ಪೌಂಡಿನ ನೋವು ಇಂದಿಗೂ ಪೂರ್ತಿಯಾಗಿ ಆರಿಲ್ಲ.

ಮೊದಲ ರಾತ್ರಿಯ ಕಥೆಯನ್ನು ನಮ್ಮ ಮನೆಯ ಮಕ್ಕಳೆಲ್ಲರಿಗೂ ಹೇಳಿದ್ದೇನೆ. ಕೋಣೆಯ ಗ್ಯಾಸ್ ಒಲೆಗೆ ಒಂದು ಮೀಟರಿದ್ದು, ಅದರ ಸೀಳಿನಲ್ಲಿ ಶಿಲಿಂಗ್ ನಾಣ್ಯವನ್ನು ಹಾಕಿದ ಹೊರತು ಬೆಂಕಿ ಹೊತ್ತುವಂತಿರಲಿಲ್ಲ. ನನ್ನ ಜೇಬಿನಲ್ಲಿದ್ದುದು ಒಂದು ಪೌಂಡಿನ ನೋಟು. ಮನೆಯೊಡತಿ ಮಲಗಿಯಾಗಿತ್ತು, ಅಂಗಡಿಗಳು ಮುಚ್ಚಿದ್ದುವು. ಇಪ್ಪತ್ತು ಶಿಲಿಂಗುಗಳ ಬೆಲೆ ಕೈಯಲ್ಲಿದ್ದೂ ಒಂದು ಶಿಲಿಂಗು ಇಲ್ಲದುದರಿಂದ, ಅವ್ವ ಕಟ್ಟಿಕೊಟ್ಟ ಬುತ್ತಿಯೊಳಗಿನ ಕಡಕ್ ರೊಟ್ಟಿಯನ್ನು ಗುರೆಳ್ಳು ಹಿಂಡಿಯೊಡನೆ ತಿಂದು, ಇದ್ದ ಬಟ್ಟೆಗಳನ್ನೆಲ್ಲ ಹೊದ್ದು, ಬೆಳಗಿನವರೆಗೆ ನಡುಗಿದೆ. ಹಣ ಇರುವುದು ಬೇರೆ, ಬೇಕಾದ ಹೊತ್ತಿಗೆ ಬೇಕಾದ ರೂಪದಲ್ಲಿ ಕೈಗೆ ಸಿಗುವುದು ಬೇರೆ ಎಂಬ ಅರ್ಥಶಾಸ್ತ್ರದ ಪ್ರಥಮ ಪಾಠವನ್ನು ನಾನು ಹಾಗೆ ಕಲಿತೆ.

ಎರಡನೆಯ ಪಾಠ ಒಂದು ಕೋಟಿನ ಅಂಗಡಿಯಲ್ಲಾಯಿತು. ಡ್ರಾಫ್ಟಿನ ಹಣ ಬಂದ ಮೇಲೆ, ಕಿಟಕಿಯಲ್ಲಿ ‘ಎಂಟು ಗಿನಿ’ ಎಂದು ಬೆಲೆ ಹಚ್ಚಿದ ಉಣ್ಣೆಯ ಕೋಟಿಗೆ ಎಂಟು ಪೌಂಡುಗಳನ್ನು ಎಣಿಸಿಕೊಂಡು ಹೋದೆ. ಗಿನಿಯೆಂಬ ನಾಣ್ಯ ಚಲಾವಣೆಯಲ್ಲಿಯೇ ಇರಲಿಲ್ಲ. ಆದರೂ ಒಳ್ಳೆಯ ಬಟ್ಟೆಗೂ ವಕೀಲರ ಶುಲ್ಕಕ್ಕೂ ಅಲ್ಲಿಯವರು ಗಿನಿಯಲ್ಲಿ ಬೆಲೆ ಹೇಳುತ್ತಿದ್ದರು, ಒಂದು ಗಿನಿಗೆ ಇಪ್ಪತ್ತೊಂದು ಶಿಲಿಂಗು. ಅಂಗಡಿಯವನು ಇನ್ನೂ ಎಂಟು ಶಿಲಿಂಗು ಕೇಳಿದಾಗ ಮಾತ್ರ ನನಗೆ ಇದು ತಿಳಿಯಿತು. ಆ ಹೊತ್ತಿನಲ್ಲಿ ಹನ್ನೆರಡು ಪೆನ್ನಿಗೆ ಶಿಲಿಂಗು, ಇಪ್ಪತ್ತು ಶಿಲಿಂಗಿಗೆ ಪೌಂಡು ಎಂಬ ಲೆಕ್ಕವನ್ನು ತಡವರಿಸದೆ ಮಾಡಿದುದು ಯಂಕಂಚಿಯ ಮಗ್ಗಿಯ ಬಲದಿಂದ. ದಶಮಾನ ಪದ್ಧತಿಯಲ್ಲೇ ಬೆಳೆದ ಬೇರೆ ದೇಶಗಳ ವಿದ್ಯಾರ್ಥಿಗಳು ಅಂಗೈಯಲ್ಲಿ ನಾಣ್ಯಗಳನ್ನು ಹರಡಿ ಅಂಗಡಿಯವನ ಮುಂದೆ ಚಾಚುತ್ತಿದ್ದರು; ನಾನು ಎಂದೂ ಹಾಗೆ ಕೈಚಾಚಲಿಲ್ಲ.

ಆದರೆ ಅದೇ ಮಗ್ಗಿ ಒಂದು ಹಾನಿಯನ್ನೂ ಮಾಡಿತು. ಐದು ಪೆನ್ನಿಯ ಚಹಾ ನನ್ನ ಕಣ್ಣಿಗೆ ಇಪ್ಪತ್ತೆಂಟು ಪೈಸೆಯಾಗಿ, ವಾರದ ಬಾಡಿಗೆ ಅಂದಿನ ಧಾರಣೆಯಲ್ಲಿ ಅರ್ಧ ಚೀಲಕ್ಕೂ ಮಿಕ್ಕ ಬಿಳಿಜೋಳವಾಗಿ ಕಾಣುತ್ತಿತ್ತು. ಹೀಗೆ ಪ್ರತಿಯೊಂದು ತುತ್ತನ್ನೂ ರೂಪಾಯಿಗೆ ಇಳಿಸಿ ನೋಡಿ, ಬುತ್ತಿ ತೀರಿದ ಮೇಲೆ ಎರಡು ವಾರ ಬರಿಯ ಬ್ರೆಡ್ಡಿನ ಮೇಲೆ ಇದ್ದು, ಹತ್ತು ದಿನ ಜ್ವರದಿಂದ ಮಲಗಿದೆ. ವೈದ್ಯರಿಗೆ ಹಣ ಕೊಡಬೇಕಾಗಿಲ್ಲದ ದೇಶವಾದುದರಿಂದ ಬದುಕಿಕೊಂಡೆ. ತಪ್ಪಿದ ಪಾಠಗಳನ್ನು ತುಂಬಿಕೊಳ್ಳಲು ಆ ಚಳಿಗಾಲವೆಲ್ಲ ಹಿಡಿಯಿತು. ಅಂದಿನಿಂದ ನನ್ನದೊಂದು ನಿಯಮ: ದಿನದ ಖರ್ಚನ್ನು ಆ ನೆಲದ ನಾಣ್ಯದಲ್ಲಿಯೇ ಎಣಿಸಬೇಕು, ತಿಂಗಳ ಕೊನೆಯ ಮೊತ್ತವನ್ನು ಒಂದೇ ಒಂದು ಸಲ ರೂಪಾಯಿಗೆ ತಿರುಗಿಸಿ ಕಿರ್ದಿಯಲ್ಲಿ ಬರೆಯಬೇಕು.

ಇನ್ನು ನನ್ನ ಬರೆಹದ ಮುಖ್ಯ ವಿಷಯಕ್ಕೆ ಬರುತ್ತೇನೆ. 1965ರಲ್ಲಿ ಮಳೆ ದೇಶಕ್ಕೆಲ್ಲ ಕೈಕೊಟ್ಟಿತು. ಮರುವರ್ಷ ಜೂನ್ 6ರಂದು ನಮ್ಮ ಸರಕಾರ ರೂಪಾಯಿಯ ಬೆಲೆಯನ್ನು ಇಳಿಸಿತು. ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದುದು ಏಳೂವರೆಯಾಯಿತು, ಪೌಂಡು 21 ರೂಪಾಯಿಗೇರಿತು. ನನ್ನ ಮೂರನೆಯ ವರ್ಷದ ನೂರೈವತ್ತು ಪೌಂಡುಗಳಿಗೆ ಎರಡು ಸಾವಿರಕ್ಕೆ ಬದಲಾಗಿ 3,150 ರೂಪಾಯಿ ಬೇಕಾಯಿತು. ನಾನು ಒಂದು ಪೆನ್ನಿಯನ್ನೂ ಹೆಚ್ಚು ಖರ್ಚು ಮಾಡಿರಲಿಲ್ಲ, ಅಪ್ಪ ಒಂದು ದಿನವೂ ಮೈಗಳ್ಳತನ ಮಾಡಿರಲಿಲ್ಲ. ಆದರೂ 1,150 ರೂಪಾಯಿಗಳ ಹೊಸ ಹೊರೆ ಒಂದು ರಾತ್ರಿಯಲ್ಲಿ ನಮ್ಮ ಮನೆಯ ಮೇಲೆ ಬಿದ್ದಿತು. ಜನವರಿಯ ಡ್ರಾಫ್ಟಿನೊಡನೆ ಬಂದ ಕಾಗದದಲ್ಲಿ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಕಿಲಾರಿ ಎತ್ತಿನ ಜೋಡಿಯನ್ನು ಮಾರಿದ ಸಂಗತಿಯನ್ನು ಅಪ್ಪ ಕೊನೆಯ ಸಾಲಿನಲ್ಲಿ ಬರೆದಿದ್ದರು: “ಎತ್ತು ಮಾರೀವಿ. ನೀ ಚಿಂತಿ ಮಾಡಬ್ಯಾಡ ತಮ್ಮಾ, ಪರೀಕ್ಷಾ ಛಂದಂಗ ಬರಿ.” ಆ ಎತ್ತುಗಳನ್ನು ಕರುಗಳಾಗಿದ್ದಾಗಿನಿಂದ ನಾನೇ ಮೇಯಿಸಿದ್ದೆ.

1967ರ ಬೇಸಗೆಯಲ್ಲಿ ಪದವಿ ಮುಗಿಸಿ ಅಲ್ಲಿಯೇ ಒಂದು ಬಣ್ಣದ ಕಾರಖಾನೆಯ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಸೇರಿ, ನವೆಂಬರಿನ ಹೊತ್ತಿಗೆ ಅರವತ್ತು ಪೌಂಡು ಉಳಿಸಿ ಪೋಸ್ಟ್ ಆಫೀಸಿನ ಉಳಿತಾಯ ಖಾತೆಯಲ್ಲಿ ಇಟ್ಟಿದ್ದೆ. ನೂರು ಪೌಂಡು ಪೂರ್ತಿಯಾದ ಮೇಲೆ ಒಮ್ಮೆಲೇ ಕಳುಹಿಸೋಣವೆಂಬುದು ನನ್ನ ಆಲೋಚನೆ. ಆ ಖಾತೆಯ ಬಡ್ಡಿ ವರ್ಷಕ್ಕೆ ನೂರಕ್ಕೆ ಎರಡೂವರೆ. ಊರಿನ ಸಾಲದ ಬಡ್ಡಿ ವರ್ಷಕ್ಕೆ ನೂರಕ್ಕೆ ಹದಿನೆಂಟು. ಈ ಎರಡು ಅಂಕಿಗಳನ್ನು ನಾನು ಒಂದರ ಪಕ್ಕದಲ್ಲೊಂದು ಬರೆದು ನೋಡಲೇ ಇಲ್ಲ. ನವೆಂಬರ್ 18ರಂದು ಬ್ರಿಟನ್ ತನ್ನ ಪೌಂಡಿನ ಬೆಲೆಯನ್ನು 2.80 ಡಾಲರಿನಿಂದ 2.40ಕ್ಕೆ ಇಳಿಸಿತು, ಪ್ರಧಾನಿ ಹೆರಾಲ್ಡ್ ವಿಲ್ಸನ್ನರು ಮರುದಿನ ಜನರನ್ನುದ್ದೇಶಿಸಿ, ನಿಮ್ಮ ಜೇಬಿನ ಪೌಂಡಿಗೆ ಬೆಲೆ ಕಡಿಮೆಯಾಗಿಲ್ಲವೆಂಬ ಅರ್ಥದ ಮಾತಾಡಿದರು. ಅಲ್ಲಿಯೇ ದುಡಿದು ಅಲ್ಲಿಯೇ ಉಣ್ಣುವವರಿಗೆ ಆ ಸಮಾಧಾನ ಸಾಕಾಗಿತ್ತೇನೋ, ಯಂಕಂಚಿಯಲ್ಲಿ ಸಾಲವಿದ್ದವನಿಗೆ ಸಾಕಾಗಲಿಲ್ಲ. 21 ರೂಪಾಯಿಯ ಪೌಂಡು 18ಕ್ಕಿಳಿದು, ನನ್ನ ಅರವತ್ತು ಪೌಂಡು 1,260ರಿಂದ 1,080 ರೂಪಾಯಿಯಾಯಿತು. ಮೊದಲನೆಯ ಇಳಿತದಲ್ಲಿ ನಾನು ನಿರಪರಾಧಿ. ಎರಡನೆಯದರಲ್ಲಿ ಕಳೆದ ನೂರ ಎಂಬತ್ತು ರೂಪಾಯಿಗಳಿಗೆ ನನ್ನ ವಿಳಂಬವೇ ಕಾರಣ. ಅಲ್ಲಿಂದ ಮುಂದೆ ಸಂಬಳ ಬಂದ ವಾರವೇ, ಐದು ಪೌಂಡಾದರೆ ಐದೇ ಪೌಂಡು, ಊರಿಗೆ ಹೋಗುತ್ತಿತ್ತು.

2024ರ ಅಕ್ಟೋಬರಿನಲ್ಲಿ ನನ್ನ ತಮ್ಮನ ಮೊಮ್ಮಗಳು ಜರ್ಮನಿಗೆ ಓದಲು ಹೋದಳು. ಹೋದ ಮೂರನೆಯ ದಿನ ಫೋನಿನಲ್ಲಿ ಅವಳ ಮೊದಲ ಮಾತು: “ಮುತ್ಯಾ, ಇಲ್ಲಿ ಒಂದು ಕಪ್ ಚಹಾಕ್ಕ ಹತ್ತಿರಹತ್ತಿರ ಮುನ್ನೂರು ರೂಪಾಯಿ!” “ಚಹಾ ಕುಡಿ ಯವ್ವಾ, ರೂಪಾಯಿದಾಗ ಎಣಿಸಬ್ಯಾಡ” ಎಂದೆ. ಅವಳ ಗ್ಯಾಸ್ ಮೀಟರು ಬೇರೆ ರೂಪದ್ದು. ಆ ದೇಶದ ವೀಸಾಕ್ಕಾಗಿ ಒಂದು ವರ್ಷದ ಜೀವನವೆಚ್ಚವೆಂದು 11,904 ಯೂರೋಗಳನ್ನು ತಡೆಹಿಡಿದ ಖಾತೆಯಲ್ಲಿ ಮುಂಚಿತವಾಗಿ ಇಡಬೇಕಾಗಿತ್ತು. ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತಿತ್ತು, ಅದೂ ಅಲ್ಲಿ ವಿಳಾಸ ನೋಂದಾಯಿಸಿ ಬ್ಯಾಂಕ್ ಖಾತೆ ತೆರೆದ ಮೇಲೆ. ಆ ನಡುವಿನ ದಿನಗಳಿಗೆಂದು ಬೇರೆಯಾಗಿ ನಗದು ಕೊಟ್ಟು ಕಳುಹಿಸಿದ್ದೆ. ಗಿನಿಯೂ ಅಲ್ಲಿದೆ. ಬಾಡಿಗೆಯನ್ನು ‘ಕಾಲ್ಟ್‌ಮೀಟೆ’ ಎಂದು ಹೇಳಿದರೆ ಅದರಲ್ಲಿ ಕೋಣೆ ಬಿಸಿಮಾಡುವ ಖರ್ಚು ಸೇರಿಲ್ಲ, ‘ವಾರ್ಮ್‌ಮೀಟೆ’ ಎಂದರೆ ಸೇರಿದೆ. ಮುಂಗಡವಾಗಿ ಮೂರು ತಿಂಗಳ ಕಾಲ್ಟ್‌ಮೀಟೆಯವರೆಗೆ ಕೇಳಬಹುದು. ವಿದ್ಯಾರ್ಥಿಯ ಆರೋಗ್ಯವಿಮೆ ನನ್ನ ಕಾಲದ ಇಂಗ್ಲೆಂಡಿನಂತೆ ಪುಕ್ಕಟೆಯಲ್ಲ, ತಿಂಗಳುತಿಂಗಳೂ ತೆರಬೇಕು.

ವಿನಿಮಯದ ದರವಂತೂ ಇಂದಿಗೂ ಯಾರ ಮಾತನ್ನೂ ಕೇಳುವುದಿಲ್ಲ. ಯೂರೋಗೆ 90 ರೂಪಾಯಿಯಿದ್ದರೆ ಆ 11,904 ಯೂರೋ 10 ಲಕ್ಷ 71 ಸಾವಿರ. 100 ರೂಪಾಯಿಯಾದರೆ 11 ಲಕ್ಷ 90 ಸಾವಿರ. ಆದುದರಿಂದ ಸಾಲವನ್ನು ಅಂದಾಜು ಮಾಡುವಾಗ ಅಂದಿನ ದರವನ್ನೇ ಹಿಡಿದು ಪೈಸೆಗೆ ಪೈಸೆ ಹೊಂದಿಸಬಾರದು, ಹತ್ತರಲ್ಲೊಂದು ಪಾಲು ಮೇಲೆ ಹಿಡಿಯಬೇಕು. ಅಪ್ಪ ಬೆಳೆಯಲ್ಲಿ ಎರಡು ಚೀಲ ಕಡಿಮೆ ಹಿಡಿಯುತ್ತಿದ್ದುದರ ವಿವೇಕ ಇದೇ. ಬ್ಯಾಂಕಿನವರು, ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟುವುದು ಬೇಡವೆನ್ನುತ್ತಾರೆ. ಕಂತು ಬೇಡ ನಿಜ, ಬಡ್ಡಿ ಮೊದಲ ದಿನದಿಂದ ನಡೆದೇ ಇರುತ್ತದೆ. ಹನ್ನೆರಡು ಲಕ್ಷಕ್ಕೆ ನೂರಕ್ಕೆ ಹತ್ತರಂತೆ ತಿಂಗಳಿಗೆ ಹತ್ತು ಸಾವಿರ, ಮೂರು ವರ್ಷಕ್ಕೆ ಮೂರು ಲಕ್ಷ ಅರವತ್ತು ಸಾವಿರ. ಊರಿನಲ್ಲಿರುವವರು ಆ ಬಡ್ಡಿಯನ್ನಷ್ಟಾದರೂ ಆಗಾಗ ಕಟ್ಟಿದರೆ ಕೆಲವು ಬ್ಯಾಂಕುಗಳು ದರದಲ್ಲಿ ರಿಯಾಯಿತಿಯನ್ನೂ ಕೊಡುತ್ತವೆ, ಕೇಳಿ ತಿಳಿದುಕೊಳ್ಳಬೇಕು. ಮೊಮ್ಮಗಳು ಅಲ್ಲಿ ಗಳಿಸತೊಡಗಿದ ತಿಂಗಳಿನಿಂದಲೇ, ದೊಡ್ಡ ಮೊತ್ತಕ್ಕಾಗಿ ಕಾಯದೆ, ಕೂಡಿದಷ್ಟನ್ನು ಸಾಲಕ್ಕೆ ಕಳುಹಿಸಲಿ.

ನಮ್ಮ ಎರಡು ಕೂರಿಗೆ ಹೊಲದ ಒತ್ತೆ ಬಿಡುಗಡೆಯಾದುದು 1971ರ ಫೆಬ್ರವರಿಯಲ್ಲಿ, ಬ್ರಿಟನ್ ತನ್ನ ಶಿಲಿಂಗುಗಳನ್ನು ಬಿಟ್ಟು ದಶಮಾನ ಪದ್ಧತಿಗೆ ಬಂದ ತಿಂಗಳಲ್ಲಿ. ಹೊಲ ಈಗಲೂ ನಮ್ಮಲ್ಲಿಯೇ ಇದೆ. ಈ ಸಲ ತೊಗರಿ ಬಿತ್ತಿದ್ದೇವೆ.