ಅಗ್ಗದ ಟಿಕೆಟ್ಟಿನ ಪರದೇಶಿ

ಕೈಲಾಂಚದಲ್ಲಿ ರೇಷ್ಮೆಹುಳ ಸಾಕಿ, ರಾಮನಗರದ ಮಾರ್ಕೆಟ್ಟಿನಲ್ಲಿ ಗೂಡು ಮಾರಿ, ಉಳಿದ ದುಡ್ಡಿನಲ್ಲಿ ಮೂರು ಸಲ ಸಮುದ್ರ ದಾಟಿದ್ದೇನೆ. ಎರಡು ಸಲ ಥಾಯ್ಲೆಂಡ್, ಒಂದು ಸಲ ವಿಯೆಟ್ನಾಂ. ಮೂರೂ ಸಲ ಇದ್ದುದರಲ್ಲೇ ಅಗ್ಗದ ಪ್ಯಾಕೇಜು. ಈಗ ಊರಲ್ಲಿ ಯಾರು ಪಾಸ್‌ಪೋರ್ಟ್ ಮಾಡಿಸಿದರೂ ಮೊದಲು ನಮ್ಮ ಜಗಲಿಗೆ ಬರುತ್ತಾರೆ. ಅವರಿಗೆ ಕಾಫಿ ಕೊಟ್ಟು ಹೇಳುವ ಪಾಠಗಳಿವು.

1. ಹುಳಕ್ಕೆ ನಾಲ್ಕು ಜ್ವರ, ಟಿಕೆಟ್ಟಿಗೆ ಒಂದೇ ತಾರೀಖು.
ಬೆಳೆ ಮುಗಿಯುವ ದಿನ ಲೆಕ್ಕ ಹಾಕಿ ತಿಂಗಳುಗಟ್ಟಲೆ ಮೊದಲೇ ಟಿಕೆಟ್ ಮಾಡಿಸಿದೆ. ಆ ಸಲ ಚಳಿ ಜಾಸ್ತಿಯಾಗಿ ಹುಳ ಹಣ್ಣಾಗುವುದು ಮೂರು ದಿನ ತಡವಾಯಿತು. ಅಗ್ಗದ ಟಿಕೆಟ್ಟಿನ ದುಡ್ಡು ವಾಪಸ್ಸಿಲ್ಲ. ಗೂಡು ಕಟ್ಟಲು ಚಂದ್ರಂಕಿಗೆ ಹುಳ ಬಿಡುವ ಕೆಲಸ ಬಾಮೈದನಿಗೆ ವಹಿಸಿ ಹೊರಟೆ. ಉಳಿಸಿದ್ದು ಟಿಕೆಟ್ಟಿನಲ್ಲಿ, ಕಳೆದದ್ದು ಗೂಡಿನಲ್ಲಿ.

2. ರಾತ್ರಿ ಒಂದೂವರೆ ಎಂದರೆ ಹಿಂದಿನ ದಿನ.
15ನೇ ತಾರೀಖು ರಾತ್ರಿ 1.30ರ ವಿಮಾನಕ್ಕೆ 14ರ ಸಂಜೆ, ಡೇರಿಗೆ ಹಾಲು ಹಾಕಿದ ಕೂಡಲೇ ಹೊರಡಬೇಕು. ನಮ್ಮ ಗುಂಪಿನ ಒಬ್ಬರು 15ರ ಸಂಜೆ ಹಾರ ಹಾಕಿಸಿಕೊಂಡು ಹೊರಟರು. ನಾವಾಗ ಬ್ಯಾಂಕಾಕಿನಲ್ಲಿ ಊಟ ಮುಗಿಸಿದ್ದೆವು. ದೇವನಹಳ್ಳಿಯಲ್ಲಿ 108 ಅಡಿಯ ಕೆಂಪೇಗೌಡರು ನಿಂತಿದ್ದಾರೆ. ಮಾಗಡಿ ಕಡೆಯವರು, ನಮ್ಮವರೇ. ಆದರೆ ಏಳು ಕೆ.ಜಿ. ಮೀರಿದ ಕೈಚೀಲಕ್ಕೆ ಅವರ ಶಿಫಾರಸೂ ನಡೆಯುವುದಿಲ್ಲ.

3. ಕೊಬ್ಬರಿ ಬೆಂಕಿಯ ಸಾಮಾನು.
ಒಣಕೊಬ್ಬರಿ ತಾನಾಗಿ ಕಾದು ಹೊತ್ತಿಕೊಳ್ಳುವ ಸರಕು ಎಂಬುದು ವಿಮಾನದ ನಿಯಮ. ತಲೆತಲಾಂತರದಿಂದ ಅಟ್ಟದ ಮೇಲಿಟ್ಟುಕೊಂಡು ಅದರ ಕೆಳಗೇ ಮಲಗಿದ ನಾವು ಎಂಥ ಧೈರ್ಯವಂತರು ಎಂದು ನಮ್ಮ ಚೀಲದ ಕೊಬ್ಬರಿ ತಡೆದಾಗಲೇ ತಿಳಿದದ್ದು. ರಾಗಿಹಿಟ್ಟಿಗೆ ಮಾತ್ರ ಯಾರದೂ ತಕರಾರಿರಲಿಲ್ಲ. ಹೋಟೆಲ್ಲಿನ ಕರೆಂಟ್ ಕೆಟಲ್ಲಿನಲ್ಲಿ ಮುದ್ದೆ ತೊಳಸಲು ಹೋದೆ. ಆಗಿದ್ದು ಗಂಜಿ. ಕೆಟಲ್ಲಿಗೆ ಕಟ್ಟಿದ ದಂಡದಲ್ಲಿ ಊರಲ್ಲಿ ನಾಟಿಕೋಳಿ ಬರುತ್ತಿತ್ತು.

4. ಲಕ್ಷಾಧಿಪತಿಯಾದ ದಿನವೇ ಕನ್ನಡಕ ಹಾಕಿಕೊಳ್ಳಿ.
ವಿಯೆಟ್ನಾಮಿನಲ್ಲಿ ಒಂದು ರೂಪಾಯಿಗೆ ಸುಮಾರು 300 ಡಾಂಗ್. ಹತ್ತು ಸಾವಿರ ಕೊಟ್ಟರೆ ಮೂವತ್ತು ಲಕ್ಷ ಕೈಗೆ ಬರುತ್ತದೆ, ಎದೆ ಉಬ್ಬುತ್ತದೆ. ಆದರೆ 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಎರಡರಲ್ಲೂ ಹೋ ಚಿ ಮಿನ್ ಮುಖವೇ. ಮಬ್ಬುಗತ್ತಲಲ್ಲಿ ಎಳನೀರಿನವಳಿಗೆ ಯಾವುದು ಕೊಟ್ಟೆನೆಂದು ರೂಮಿಗೆ ಬಂದು ಎಣಿಸಿದಾಗ ಗೊತ್ತಾಯಿತು. ಮದ್ದೂರಿನ ಎಳನೀರು ಮಾರ್ಕೆಟ್ಟಿನಲ್ಲಿ ಆ ದುಡ್ಡಿಗೆ ಗೊನೆಗಳೇ ಬರುತ್ತಿದ್ದವು.

5. ಬಂಡೆ ನೋಡಲು ಹೋಗಬೇಡಿ.
ಫುಕೆಟ್ ಬಳಿ ಜೇಮ್ಸ್ ಬಾಂಡ್ ದ್ವೀಪವಿದೆ. 1974ರ ಬಾಂಡ್ ಸಿನಿಮಾದಲ್ಲಿ ಬಂತೆಂದು ಸಮುದ್ರದಲ್ಲಿ ನೆಟ್ಟಗೆ ನಿಂತ ಆ ಬಂಡೆಗೆ ಹೆಸರು. ಹತ್ತಿರಕ್ಕೆ ದೋಣಿ ಬಿಡುವುದಿಲ್ಲ, ದೂರದಿಂದಲೇ ಕೈಮುಗಿಯಬೇಕು. ಟಿಕೆಟ್ಟಿನಲ್ಲಿ ಅವರ ಜನಕ್ಕೊಂದು ದರ, ಪರದೇಶಿಗಳಿಗೆ ಹಲವು ಪಟ್ಟು. ವಿದೇಶಕ್ಕೆ ಹೋದರೆ ಪರದೇಶಿಯಾಗುತ್ತೇವೆಂದು ಹಿರಿಯರು ಅಂದದ್ದು ಇದನ್ನೇ ಇರಬೇಕು. 1975ರಲ್ಲಿ ತೆರೆಕಂಡ ‘ಶೋಲೆ’ಯ ನಮ್ಮ ರಾಮನಗರದ ಬಂಡೆಗಳನ್ನು ಹುಟ್ಟಿದಾಗಿನಿಂದ ನೋಡುತ್ತಿರುವವನು, ಬಂಡೆ ನೋಡಲು ದೋಣಿಯಲ್ಲಿ ವಾಂತಿ ಮಾಡಿಕೊಂಡು ಹೋಗಿದ್ದೆ.

6. ಪ್ಯಾಕೇಜ್ ಅಗ್ಗವಾದರೆ, ಸರಕು ನಾವೇ.
ಬ್ಯಾಂಕಾಕಿನಲ್ಲಿ ಒಂದೇ ಬೆಳಗ್ಗೆ ಹರಳಿನ ಅಂಗಡಿ, ಚರ್ಮದ ಅಂಗಡಿ, ರೇಷ್ಮೆ ಅಂಗಡಿ. ಒಂದೊಂದರಲ್ಲೂ ಮುಕ್ಕಾಲು ಗಂಟೆ ಕೂಡಿಹಾಕುತ್ತಾರೆ. ನಮ್ಮ ಬಸ್ಸಿನ ಖರ್ಚು ಹುಟ್ಟುವುದೇ ಅಲ್ಲಿಯ ಕಮಿಷನ್ನಿನಲ್ಲಿ. ರೇಷ್ಮೆ ಅಂಗಡಿಯ ಬುಟ್ಟಿಯಲ್ಲಿ ನಮ್ಮ ಕಡೆಯಂಥದೇ ಹಳದಿ ಗೂಡು. ನಾನು ಒಂದನ್ನೆತ್ತಿ ಅದುಮಿ, ಕಿವಿಯ ಹತ್ತಿರ ಅಲ್ಲಾಡಿಸಿದೆ. ಅಷ್ಟರಲ್ಲಿ ಮಾರುವ ಹುಡುಗಿ ನನ್ನ ಚಪ್ಪಲಿ ನೋಡಿದಳು, ವಾಚು ನೋಡಿದಳು, ಪಕ್ಕದವರ ಕಡೆ ತಿರುಗಿದಳು. ಮಾರ್ಕೆಟ್ಟಿನಲ್ಲಿ ರೀಲರುಗಳು ನಮ್ಮ ಲಾಟಿಗೆ ಕೈಹಾಕಿ, ಮಾತಾಡದೆ ಮುಂದಿನ ಲಾಟಿಗೆ ಹೋಗುವುದೂ ಹೀಗೇ. ನನ್ನ ದರ ಗೊತ್ತಾಗಿತ್ತು.

7. ಕೇಳಿದವರಿಗೆ ‘ಚೆನ್ನಾಗಿತ್ತು’ ಅನ್ನಿ.
ನನಗೂ ಮೊದಲು ಹೋಗಿಬಂದವರು ಹಾಗೇ ಅಂದಿದ್ದರು. ಈ ಬೆಳೆ ಕೈಹತ್ತಿದರೆ ಬಾಲಿ. ಕೊಬ್ಬರಿಯನ್ನು ಈ ಸಲ ಚಟ್ನಿಪುಡಿಗೇ ಹಾಕಿ ಕುಟ್ಟುತ್ತೇನೆ ಎಂದಿದ್ದಾಳೆ ನಮ್ಮಾಕೆ.