ಸಣ್ಣ ಕಂಪನಿಯ ಷೇರು: ಸಸಿ ನೆಡುವುದೂ ಬಾಜಿ ಕಟ್ಟುವುದೂ



ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ರಾಶಿ ಅಡಿಕೆ ಮಾರಿದ ಹಣ ಕೈಗೆ ಬಂದಾಗ, ಜಗಳೂರಿನ ಕಡೆ ಕೊಳವೆಬಾವಿ ನಂಬಿ ತೋಟ ಮಾಡಿದವರಿಗೆ ನಾಲ್ಕು ಕಾಸು ಉಳಿದಾಗ, ಮನೆಯ ಹುಡುಗರು ಈಗ ಕೇಳುವುದು ಒಂದೇ ಮಾತು: “ಷೇರಿಗೆ ಹಾಕೋಣವೇ?” ಕೇಳತಕ್ಕ ಪ್ರಶ್ನೆಯೇ. ಆದರೆ ಷೇರಿನ ಹೆಸರಿನಲ್ಲಿ ಎರಡು ಬೇರೆ ಬೇರೆ ವ್ಯವಹಾರಗಳು ನಡೆಯುತ್ತಿವೆ. ಅವುಗಳ ವ್ಯತ್ಯಾಸ ತಿಳಿಯದೆ ಹಣ ತೊಡಗಿಸಬಾರದು.

ಷೇರು ಎಂದರೇನು?

ಸಹಕಾರ ಸಂಘದ ಷೇರು ತಮಗೆ ಗೊತ್ತಿದ್ದದ್ದೇ. ಅದರ ಬೆಲೆ ಪೇಟೆಯಲ್ಲಿ ಏರಿಳಿಯುವುದಿಲ್ಲ. ಎಷ್ಟು ಷೇರಿದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ. ಕಂಪನಿಯ ಷೇರು ಹಾಗಲ್ಲ. ಅದು ಒಡೆತನದ ಪಾಲು. ಪೇಟೆಯಲ್ಲಿ ಅದರ ಬೆಲೆ ದಿನವೂ ಬದಲಾಗುತ್ತದೆ. ಮಾರುಕಟ್ಟೆ ಮೌಲ್ಯದ ಸಾಲಿನಲ್ಲಿ ಮೊದಲ 250ರ ನಂತರ ಬರುವವನ್ನು ಸಣ್ಣ ಕಂಪನಿಗಳೆಂದು ಸೆಬಿ 2017ರಲ್ಲಿ ವಿಂಗಡಿಸಿತು.

ತಾಳಿದವರಿಗೆ ಬಂದ ಫಲ

1993ರಲ್ಲಿ ಬೆಂಗಳೂರಿನ ಇನ್ಫೋಸಿಸ್ ಚಿಕ್ಕ ಕಂಪನಿಯಾಗಿತ್ತು. ಷೇರಿಗೆ 95 ರೂಪಾಯಿಯಂತೆ ಸಾರ್ವಜನಿಕರಿಗೆ ನೀಡಿದಾಗ ಜನ ಮುಗಿಬೀಳಲಿಲ್ಲ. ಅಂದು 9,500 ರೂಪಾಯಿ ಕೊಟ್ಟು 100 ಷೇರು ಕೊಂಡು ಸುಮ್ಮನಿದ್ದವರ ಪಾಲು, ಬೋನಸ್ ಮತ್ತು ವಿಭಜನೆಗಳಿಂದ 2018ರ ಹೊತ್ತಿಗೆ 1,02,400 ಷೇರುಗಳಾಯಿತು. ನಡುವೆ 2000-2001ರಲ್ಲಿ ಬೆಲೆ ಅರ್ಧಕ್ಕಿಂತ ಕೆಳಗೆ ಕುಸಿದಿತ್ತು. ಆಗ ಹೆದರಿ ಮಾರಿದವರಿಗೆ ಈ ಫಲವಿಲ್ಲ. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಕಾಯುವ ನಮಗೆ ಇದು ಅರ್ಥವಾಗದ ಮಾತಲ್ಲ.

ಎಲ್ಲ ಸಸಿಯೂ ಮರವಾಗದು

ಆದರೆ ಇದೊಂದೇ ಕಥೆ ಕೇಳಿ ಹೊರಡಬಾರದು. ಅದೇ 1990ರ ದಶಕದಲ್ಲಿ ಜನರಿಂದ ಹಣ ಎತ್ತಿದ ಎಷ್ಟೋ ಸಣ್ಣ ಕಂಪನಿಗಳು ವಿಳಾಸವಿಲ್ಲದಂತೆ ಕಣ್ಮರೆಯಾದವು. ಯಾವುದು ಉಳಿಯುವುದೆಂದು ಅಂದು ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ. ಇದಲ್ಲದೆ ಸಣ್ಣ ಷೇರಿಗೆ ಬೆಲೆ ಬಿದ್ದ ದಿನ ಕೊಳ್ಳುವವರೇ ಸಿಗದಿರಬಹುದು. ಆದ್ದರಿಂದ ಹಣವನ್ನು ಹಲವು ಕಡೆ ಹಂಚಬೇಕು. ಸ್ವತಃ ಆರಿಸಲು ಬಾರದವರಿಗೆ ಮ್ಯೂಚುವಲ್ ಫಂಡ್ ಒಂದು ದಾರಿ. ಅಲ್ಲಿಯೂ ಏರಿಳಿತ ತಪ್ಪದು.

ಬಾಜಿಯ ಲೆಕ್ಕ

ಇನ್ನೊಂದು ವ್ಯವಹಾರ ಮೊಬೈಲಿನಲ್ಲಿ ಬೆಳಿಗ್ಗೆ ಕೊಂಡು ಸಂಜೆ ಮಾರುವುದು, ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಬೆಲೆಯ ಮೇಲೆ ಪಣ ಕಟ್ಟುವುದು. ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ತೊಡಗಿದ ವ್ಯಕ್ತಿಗಳಲ್ಲಿ ಮೂರು ವರ್ಷಗಳ ಅವಧಿಗೆ 100ಕ್ಕೆ 93 ಮಂದಿ ನಷ್ಟ ಹೊಂದಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು.

“ಈ ಷೇರು ದುಪ್ಪಟ್ಟಾಗುತ್ತದೆ” ಎಂಬ ಗುಟ್ಟಿನ ಸುದ್ದಿಯ ರೀತಿಯನ್ನೂ ಅರಿಯಬೇಕು. ಮೊದಲೇ ಕಡಿಮೆ ಬೆಲೆಗೆ ಕೊಂಡಿಟ್ಟವರು ಸುದ್ದಿ ಹಬ್ಬಿಸುತ್ತಾರೆ. ಜನ ಕೊಳ್ಳುತ್ತಾರೆ, ಬೆಲೆ ಏರುತ್ತದೆ, ಹಬ್ಬಿಸಿದವರು ಮಾರಿ ಹೊರಡುತ್ತಾರೆ. ಯೂಟ್ಯೂಬ್ ವಿಡಿಯೋಗಳ ಮೂಲಕ ಹೀಗೆ ಮಾಡಿದ ಆರೋಪದ ಮೇಲೆ ಸೆಬಿ 2023ರ ಮಾರ್ಚಿನಲ್ಲಿ ಹಲವರ ವಿರುದ್ಧ ಆದೇಶ ಹೊರಡಿಸಿತು.

ಹಣ ತೊಡಗಿಸುವ ಮುನ್ನ

1. ಮೊದಲು ಬೆಳೆಸಾಲ ತೀರಿಸಿ. ಗೊಬ್ಬರ, ಕೊನೆ ಕೊಯ್ಲಿನ ಕೂಲಿ, ಪಂಪ್‌ಸೆಟ್ ರಿಪೇರಿ, ಒಂದು ವರ್ಷದ ಮನೆಖರ್ಚು ಬ್ಯಾಂಕಿನಲ್ಲಿರಲಿ.

2. ಏಳೆಂಟು ವರ್ಷ ಬೇಡವಾದ ಹಣವನ್ನಷ್ಟೇ ಹಾಕಿ. ಮಗಳ ಮದುವೆಯ ಹಣ, ಒಡವೆ ಅಡವಿಟ್ಟ ಹಣ ಬೇಡವೇ ಬೇಡ.

3. ಕಂಪನಿಯ ಐದು ವರ್ಷದ ವಾರ್ಷಿಕ ವರದಿ ಓದಿ. ಮಾರಾಟ, ಲಾಭ, ಸಾಲ ನೋಡಿ. ಮಾಲೀಕರು ತಮ್ಮ ಷೇರನ್ನು ಒತ್ತೆ ಇಟ್ಟಿದ್ದಾರೆಯೇ ವಿಚಾರಿಸಿ.

4. ಸಲಹೆ ಕೊಡುವವರಿಗೆ ಸೆಬಿ ನೋಂದಣಿ ಇದೆಯೇ ಪರಿಶೀಲಿಸಿ. ಖಚಿತ ಲಾಭದ ಭರವಸೆ ಕೊಟ್ಟವರನ್ನು ದೂರವಿಡಿ.

5. ಖಾತೆಯ ಗುಪ್ತಸಂಖ್ಯೆ, ಓಟಿಪಿ ಯಾರಿಗೂ ಹೇಳಬೇಡಿ.

ಮನೆಯಲ್ಲಿ ಈಗಾಗಲೇ ಯಾರಾದರೂ ಮೊಬೈಲಿನಲ್ಲಿ ವ್ಯವಹಾರ ಮಾಡುತ್ತಿದ್ದರೆ ಗದರಿಸಬೇಡಿ. ಗದರಿಸಿದರೆ ನಷ್ಟ ಮುಚ್ಚಿಡುತ್ತಾರೆ, ತುಂಬಿಕೊಳ್ಳಲು ಸಾಲ ಮಾಡುತ್ತಾರೆ. ಒಂದು ವರ್ಷದ ಜಮಾ-ಖರ್ಚನ್ನು ಎದುರಿಗೆ ಕೂತು ಬರೆಸಿ. ದಲ್ಲಾಳಿ ಶುಲ್ಕ, ತೆರಿಗೆ ಎಲ್ಲವನ್ನೂ ಸೇರಿಸಿ. ಉಳಿದದ್ದೇನು ಎಂಬುದನ್ನು ಆ ಲೆಕ್ಕವೇ ತಿಳಿಸುತ್ತದೆ.